ದಶರಥ ಮುಟ್ಟಿದ ಬ್ಯಾಟರಿ

ಬಬಲೇಶ್ವರದ ಹುಂಜಗಳು ಒಂದು ಸಂತೆಯ ದಿನ ನಡುಮಧ್ಯಾಹ್ನ ಕೂಗಿದವು. ಯಾಕೆ ಕೂಗಿದವು ಎಂದು ಕೇಳಿದರೆ ಆ ಊರಿನವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಖರೆ ಗೊತ್ತಿರುವುದು ನನಗೆ. ಅವು ನನ್ನ ಬ್ಯಾಟರಿಯ ಜೋರಿಗೆ ಬೆಚ್ಚಿ ಕೂಗಿದವು.

ನಾನು ಟಿಕೋಟಾದ ದಶರಥ. ಶಾಲೆಯಲ್ಲಿ ನನ್ನನ್ನು ಕೂರಿಸಿದ್ದು ಹೊರಗಿನ ಕಟ್ಟೆಯ ಮೇಲೆ. ಮಾಸ್ತರರ ಮಾತು ಕಿಟಕಿ ದಾಟಿ ನನ್ನ ತನಕ ಬರುವಷ್ಟರಲ್ಲಿ ಅರ್ಧ ಗಾಳಿಗೆ ಹೋಗುತ್ತಿತ್ತು. ಆ ಅರ್ಧವನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ಕಥೆ ಹೇಳುವ ಚಟ ನನಗೆ ಹತ್ತಿದ್ದು ಅಲ್ಲಿಂದಲೇ ಎಂದು ನನ್ನ ಹೆಂಡತಿ ಚಂದ್ರಾಬಾಯಿ ಹೇಳುತ್ತಾಳೆ. ಹೇಳಲಿ ಬಿಡಿ.

ಅರವತ್ತನೇ ಇಸವಿಯ ಆಚೀಚೆ ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ, ಯಾಕೂಬ ಉಸ್ತಾದನ ಗ್ಯಾರೇಜಿನ ಹಿಂದಿನ ತಗಡಿನ ಚಪ್ಪರದಲ್ಲಿ ನಾನು ಬ್ಯಾಟರಿ ಚಾರ್ಜ್ ಮಾಡುತ್ತಿದ್ದೆ. ಊರಿಗೆ ಕರೆಂಟು ಬಂದಿತ್ತು. ಆದರೆ ಅದು ಸಿಟ್ಟು ಮಾಡಿಕೊಂಡ ಅಳಿಯನ ಹಾಗೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಉಸ್ತಾದ ಒಂದು ಎಣ್ಣೆ ಎಂಜಿನ್ನಿಗೆ ಪಟ್ಟಾ ಹಾಕಿ, ಗುಜರಿಗೆ ಬಂದಿದ್ದ ಮಿಲಿಟರಿ ಲಾರಿಯ ಡೈನಮೊ ತಿರುಗಿಸುವ ವ್ಯವಸ್ಥೆ ಮಾಡಿದ್ದ. ಎಂಜಿನ್ನು ಡುಗುಡುಗು ಎಂದರೆ ಡೈನಮೊ ಹುಂಯ್ ಎನ್ನುತ್ತಿತ್ತು. ಹಲಗೆಯ ಮೇಲೆ ಸಾಲಾಗಿ ಕೂತ ಬ್ಯಾಟರಿಗಳ ಹೊಟ್ಟೆಯಲ್ಲಿ ನುಚ್ಚು ಕುದಿಯುವಂಥ ಸಪ್ಪಳ ಏಳುತ್ತಿತ್ತು. ಆ ಸಪ್ಪಳ ಕೇಳಿಯೇ ಯಾವುದರ ಹೊಟ್ಟೆ ತುಂಬಿದೆ, ಯಾವುದು ಇನ್ನೂ ಹಸಿದಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ನಿದ್ದೆಯಲ್ಲೂ ಹೇಳಿದ್ದೇನಂತೆ.

ನಂಬದವರಿಗೆ ತೋರಿಸಲು ಎರಡು ಸಾಮಾನು ಇದ್ದವು. ಒಂದು, ರಬ್ಬರಿನ ಗುಂಡು ಇರುವ ಗಾಜಿನ ಪಿಚಕಾರಿ. ಬ್ಯಾಟರಿಯ ಬಾಯಿಗೆ ಇಟ್ಟು ಆ್ಯಸಿಡ್ ಎಳೆದರೆ ಅದರೊಳಗಿನ ಸಣ್ಣ ಬುಡ್ಡಿ ಮೇಲಕ್ಕೆ ತೇಲಬೇಕು. ಮುಳುಗಿದರೆ ಬ್ಯಾಟರಿ ಉಪವಾಸ ಇದೆ ಎಂದು ಲೆಕ್ಕ. ಇನ್ನೊಂದು, ಚಿಮಟದಂಥ ಟೆಸ್ಟರು. ಅದರ ಎರಡು ಚೂಪು ಕಾಲನ್ನು ಬ್ಯಾಟರಿಯ ನೆತ್ತಿಯ ಸೀಸದ ಪಟ್ಟಿಗಳಿಗೆ ಒತ್ತಿದರೆ ನಡುವಿನ ತಂತಿ ಕಾಯುತ್ತಿತ್ತು, ಮುಳ್ಳು ಏರುತ್ತಿತ್ತು. ಏರಿದ ಮುಳ್ಳು ನಿಂತಲ್ಲೇ ನಿಂತರೆ ಜೀವ ಗಟ್ಟಿ. ಜಾರಿದರೆ ಅದು ಬರಿಯ ಬಾಯಿ ಬಡಾಯಿಯ ಬ್ಯಾಟರಿ.

ನನ್ನ ಕೈಯಲ್ಲಿ ಯಾವ ಮುಳ್ಳೂ ಜಾರುತ್ತಿರಲಿಲ್ಲ. ಒಮ್ಮೆ ನಾನು ಚಾರ್ಜ್ ಮಾಡಿದ ಬ್ಯಾಟರಿ ಹಾಕಿಕೊಂಡು ಸೊಲ್ಲಾಪುರದ ಲಾರಿಯೊಂದು ಹೊರಟಿತು. ಡ್ರೈವರ್ ಗುಂಡಿ ಒತ್ತಿದ ಕೂಡಲೇ ಲಾರಿ ನಿಂತಲ್ಲೇ ಇತ್ತು, ರಸ್ತೆಯೇ ಹಿಂದಕ್ಕೆ ಓಡಿತು. ಇನ್ನೊಮ್ಮೆ ಒಂದು ಹಾರ್ನು, ಒಂದು ಬ್ಯಾಟರಿ ಹೊತ್ತುಕೊಂಡು ಗೋಳಗುಮ್ಮಟದ ಮೇಲೆ ಹತ್ತಿ ಪೋಂ ಎನ್ನಿಸಿದೆ. ಆ ಸಪ್ಪಳ ಒಳಗೆ ಸುತ್ತುತ್ತಾ ಸುತ್ತುತ್ತಾ ಹೊರಗೆ ಬರುವ ದಾರಿ ಸಿಗದೆ, ಮರುದಿನ ನೋಡಲು ಬಂದ ಪರವೂರಿನವರು ಲಾರಿ ಬಂತೆಂದು ಗೋಡೆಗೆ ಸರಿದು ನಿಂತಿದ್ದರು. ಇದನ್ನು ಹೇಳಿದಾಗೆಲ್ಲ ಯಾಕೂಬ ಉಸ್ತಾದ ತಲೆಯ ಟೊಪ್ಪಿಗೆ ತೆಗೆದು ನನಗೆ ಗಾಳಿ ಬೀಸುತ್ತಿದ್ದ.

"ಸುಸ್ತಾಗಿರ್ಬೇಕು ನಿನಗ. ಇಷ್ಟು ದೊಡ್ಡ ಸುಳ್ಳು ಹೊತ್ತು ಬಂದೀ."

ಆದರೆ ಕೆಲಸದ ಮಾತು ಬಂದರೆ ಉಸ್ತಾದನಿಗೆ ನನ್ನ ಮೇಲೆ ಬಲವಾದ ನಂಬಿಕೆ. ಆ ವರ್ಷ ಅವನಿಗೆ ಇನ್ನೊಂದು ಡೈನಮೊ ಸಿಕ್ಕಿತು. ನನ್ನನ್ನು ಕರೆದು ಹೇಳಿದ:

"ಲೇ ದಶ್ಯಾ, ನಿಮ್ಮ ಟಿಕೋಟಾದಾಗ ಜೀಪ ಭಾಳ ಆಗ್ಯಾವು, ಲಾರಿನೂ ಹಾಯ್ತಾವು. ಅಲ್ಲೊಂದು ಚಪ್ಪರ ಹಾಕೋಣು. ಈ ಡೈನಮೊ ಒಯ್ಯಿ. ನೀನ ನಡಸು. ಬೋರ್ಡಿನ ಮ್ಯಾಲೆ ನಿನ್ನ ಹೆಸರ ಬರಸು."

ನಾನು ಡೈನಮೊ ಎತ್ತಿ ಮೂರು ಸಲ ತಿರುಗಿಸಿ ನೋಡಿದೆ. ಸುಳ್ಳು ಹೇಳುವುದು ಆ ದಿನ ನನಗೆ ನೆನಪೇ ಆಗಲಿಲ್ಲ.

ಟಿಕೋಟಾದಲ್ಲಿ ನಮ್ಮ ಮನೆ ಊರ ಹೊರಗಿನ ಓಣಿಯಲ್ಲಿ. ಸಣ್ಣವನಿದ್ದಾಗ ಊರ ಬಾವಿಯ ಹತ್ತಿರ ಬಿದ್ದಿದ್ದ ಯಾರದೋ ಹಗ್ಗ ಎತ್ತಿಕೊಟ್ಟಿದ್ದೆ. "ದೂರ ಸರೀರಿ, ಆ ಹುಡುಗ ಮುಟ್ಟ್ಯಾನ!" ಎಂದು ಒಬ್ಬಾಕೆ ಕೂಗಿದ್ದಳು. ಹೆಂಗಸರೆಲ್ಲ ಕೊಡ ಎತ್ತಿಕೊಂಡು ಹಿಂದೆ ಹಾರಿದ್ದರು. ನಮ್ಮ ಓಣಿ ಆಮೇಲೆ ಬೌದ್ಧರ ಓಣಿಯಾಯಿತು, ತಲೆ ಎತ್ತಿ ನಡೆಯುವುದು ಕಲಿಯಿತು. ಆದರೆ ಊರಿನ ಬಾಯಿ ಅಷ್ಟು ಬೇಗ ಬದಲಾಗಲಿಲ್ಲ. ಅಂಥ ಊರಿನ ದೊಡ್ಡ ರಸ್ತೆಯ ಮೇಲೆ ತಗಡಿನ ಬೋರ್ಡು: ದಶರಥ ಬ್ಯಾಟರಿ ಚಾರ್ಜಿಂಗ್. ಗೋಳಗುಮ್ಮಟದ ಹತ್ತಿರ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರನಿಂದ ಮರುದಿನವೇ ಬರೆಸಿಬಿಟ್ಟೆ. ಚಪ್ಪರದ ಕಂಬ ಇನ್ನೂ ಕಾಡಿನಲ್ಲಿ ಗಿಡವಾಗಿ ನಿಂತಿತ್ತು. ಬೋರ್ಡು ಮಾತ್ರ ವಿಜಾಪುರದ ನಮ್ಮ ಬಾಡಿಗೆ ಮನೆಯ ಗೋಡೆಗೆ ಒರಗಿತ್ತು. ಚಂದ್ರಾ ದಿನಾ ಅದನ್ನು ಸೆರಗಿನಿಂದ ಒರೆಸುತ್ತಿದ್ದಳು.

ಆಗ ಬಂತು ಬಬಲೇಶ್ವರದ ಬ್ಯಾಟರಿ.

ಶಂಕ್ರೆಪ್ಪ ಸಾವ್ಕಾರರು ಬಬಲೇಶ್ವರದಲ್ಲಿ ದಲಾಲಿ ಅಂಗಡಿ ಇಟ್ಟವರು. ಆ ಊರಿನ ಮೊದಲ ಕಾರು ಅವರದು, ಹಳೆಯ ಕರಿ ಫೋರ್ಡು. ತಾವೇ ನಡೆಸುತ್ತಿದ್ದರು. ಅದರ ಬ್ಯಾಟರಿಗೆ ಮೂರು ಬಾಯಿ, ಹೊರಲು ಒಬ್ಬ ಗಟ್ಟಿ ಆಳು ಬೇಕು. ಅದನ್ನು ನಾನು ಚೆನ್ನಾಗಿ ತುಂಬಿಸಿ, ಪಿಚಕಾರಿ ಹಾಕಿ, ಚಿಮಟ ಒತ್ತಿ, ನನ್ನ ಕೈಯಿಂದಲೇ ಗಾಡಿಗೆ ಕೂರಿಸಿ ಕಳಿಸಿದೆ. ವಾರ ತುಂಬುವುದರಲ್ಲಿ ಅದು ಸತ್ತು ಬಂತು. ಎತ್ತಿನ ಬಂಡಿಯ ಮೇಲೆ ಮಲಗಿಕೊಂಡು ಬಂತು.

ಮತ್ತೆ ತುಂಬಿಸಿದೆ. ಮತ್ತೆ ಸತ್ತಿತು. ಈ ಸಲ ಸಾವ್ಕಾರರೇ ಬಸ್ಸಿನಲ್ಲಿ ಬಂದರು, ಧೋತರದ ತುದಿ ಕೈಯಲ್ಲಿ ಹಿಡಿದು.

"ಯಾಕೂಬಸಾಬ, ನಿಮ್ಮ ಆಳಿನ ಕೈಗುಣ ಸರಿ ಇಲ್ಲ ನೋಡ್ರಿ. ಕಾರ ತಗೊಂಡೀನೊ, ತಳ್ಳು ಬಂಡಿ ತಗೊಂಡೀನೊ ಗೊತ್ತಾಗವಲ್ದು. ನಿನ್ನೆ ಸಂತ್ಯಾಗ ಮಂದಿ ಎಲ್ಲಾ ಹಿಂದಿನಿಂದ ತಳ್ಳಿ, ಜಯಕಾರ ಬ್ಯಾರೆ ಹಾಕಿದ್ರು."

"ಸಾವ್ಕಾರ್ರ, ನಿಮ್ಮ ಗಾಡಿ ಡೈನಮೊ ಚಾರ್ಜ್ ಕೊಡವಲ್ದು ಅಂತ ಕಾಣತೈತಿ," ಎಂದೆ ನಾನು.

"ಡೈನಮೊ ಚಂದ ಐತಿ. ನಿನ್ನ ಬಾಯೂ ಚಂದ ಐತಿ. ಬ್ಯಾಟರಿ ಅಷ್ಟ ಚಂದಿಲ್ಲ," ಎಂದರು ಸಾವ್ಕಾರರು.

ಅವರು ಹೋದ ಮೇಲೆ ಉಸ್ತಾದ ಬೀಡಿ ಹಚ್ಚಿದ. ಅವನು ಬೀಡಿ ಹಚ್ಚಿ ಸೇದದೆ ಹಿಡಿದುಕೊಂಡರೆ ಕಷ್ಟದ ಮಾತು ಇದೆ ಎಂದು ಅರ್ಥ.

"ದಶ್ಯಾ, ಈ ಮಾತು ಟಿಕೋಟಾ ತನಕ ಹೋಗೈತಿ. ಜೀಪಿನವ್ರು ಕೇಳಾಕತ್ತಾರ, ಬಬಲೇಶ್ವರ ಸಾವ್ಕಾರನ ಬ್ಯಾಟರಿ ಕೊಂದಾಂವ ಇಲ್ಲಿ ಬರ್ತಾನೇನು ಅಂತ. ಇನ್ನೊಂದ ಸಲ ಇದು ಸತ್ತು ಬಂತಂದ್ರ ಆ ಡೈನಮೊ ಬ್ಯಾರೆ ಕಡೆ ಕಳಸ್ತೀನಿ. ಸಿಟ್ಟಾಗಬ್ಯಾಡಪಾ. ಗಿರಾಕಿ ಬರದಿದ್ರ ಬೋರ್ಡ್ ಹಚ್ಚಿ ಏನ ಮಾಡ್ತೀ?"

ಬ್ಯಾಟರಿಯನ್ನು ಮೂರನೆಯ ಸಲ ತುಂಬಿಸಿ, ಈ ಬಾರಿ ನಾನೇ ಅದರ ಜೊತೆ ಬಬಲೇಶ್ವರಕ್ಕೆ ಹೋದೆ.

ಕಾರು ಸಾವ್ಕಾರರ ಮನೆಯ ಮುಂದೆ ಬೇವಿನ ಗಿಡದ ನೆರಳಲ್ಲಿತ್ತು. ಮನೆಯ ಕಟ್ಟೆಯ ಮೇಲೆ ಅವರ ತಾಯಿ ರುದ್ರವ್ವ ಕೂತಿದ್ದಳು. ಹಣೆ ತುಂಬ ವಿಭೂತಿ, ಪಕ್ಕದಲ್ಲಿ ಒಂದು ಹಿತ್ತಾಳೆ ತಂಬಿಗೆ, ಅದರೊಳಗೆ ಬೇವಿನ ತೊಪ್ಪಲು. ಪೂಜೆಗೆ ಇರಬೇಕು ಎಂದುಕೊಂಡೆ. ನಾನು ಕಟ್ಟೆಯಿಂದ ದೂರವೇ ನಿಂತು ಬಾನೆಟ್ ಎತ್ತಿದೆ. ಡೈನಮೊದ ಬೆಲ್ಟು ಒತ್ತಿ ನೋಡಿದೆ, ಬಿಗಿ ಇತ್ತು. ಅದರೊಳಗಿನ ಬ್ರಷ್ಷು ತೆಗೆದು ನೋಡಿದೆ, ಸವೆದಿರಲಿಲ್ಲ. ಡೈನಮೊದಿಂದ ಬ್ಯಾಟರಿಗೆ ಕರೆಂಟು ಬಿಡುವ ಕಟೌಟಿನ ಮುಚ್ಚಳ ತೆಗೆದೆ, ಅದರ ಸಣ್ಣ ನಾಲಿಗೆ ಚಟ್ ಎಂದು ಕೂಡುತ್ತಿತ್ತು, ಚಟ್ ಎಂದು ಬಿಡುತ್ತಿತ್ತು. ಬ್ಯಾಟರಿ ಕೂರಿಸಿ ಗಾಡಿ ಚಾಲೂ ಮಾಡಿಸಿದೆ. ಎಂಜಿನ್ ಏರಿಸಿದರೆ ಮುಂದಿನ ದೀಪ ಬೆಳ್ಳಗಾಗುತ್ತಿತ್ತು, ಒಳಗಿನ ಮೀಟರಿನ ಮುಳ್ಳು ಚಾರ್ಜಿನ ಕಡೆಗೇ ವಾಲುತ್ತಿತ್ತು. ಸಾವ್ಕಾರರು ಹೇಳಿದ್ದು ಸರಿ. ಡೈನಮೊ ಚಂದ ಇತ್ತು.

ಅದು ನನಗೆ ಬೇಕಾಗಿದ್ದ ಉತ್ತರ ಆಗಿರಲಿಲ್ಲ.

"ಮುಗೀತೇನೋ?" ಎಂದಳು ರುದ್ರವ್ವ. "ಮುಗದ್ರ ಆ ಕಡಿಂದ ಹೋಗು. ಬಾವಿ ದಾರಿ ಹಿಡೀಬ್ಯಾಡ."

"ಆತು ಬೇ," ಎಂದು ಬಂದೆ. ಬಸ್ಸಿನಲ್ಲಿ ಪಕ್ಕದವನಿಗೆ ಒಂದು ಕಥೆಯನ್ನೂ ಹೇಳಲಿಲ್ಲ. ಅವನು ನನಗೆ ಮೈ ಹುಷಾರಿಲ್ಲ ಎಂದು ತಿಳಿದು ಕಿಟಕಿ ಬಿಟ್ಟುಕೊಟ್ಟ.

ಬ್ಯಾಟರಿ ಮತ್ತೆ ಬಂತು. ಅದೇ ಎತ್ತಿನ ಬಂಡಿ. ಬಂಡಿಯವನು ಅದನ್ನು ಇಳಿಸುವಾಗ, "ನಮ್ಮ ಎತ್ತಿಗೆ ಈಗ ದಾರಿ ಬಾಯಿಪಾಠ ಆಗೈತ್ರಿ," ಎಂದ.

ಉಸ್ತಾದ ಹೊರಗೆ ಹೋಗಿದ್ದ. ನಾನು ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ನೆತ್ತಿಯ ಮೇಲೆ ಬೆಳ್ಳನೆಯ ಪೊರೆ, ಸೀಸದ ಪಟ್ಟಿಗಳ ಸುತ್ತ ಜಿಗುಟು. ಬಾಯಿ ತೆಗೆದು ಪಿಚಕಾರಿ ಇಟ್ಟು ಎಳೆದೆ. ಬುಡ್ಡಿ ಮುಳುಗಿತು. ಅದು ಗೊತ್ತಿದ್ದದ್ದೇ. ಆದರೆ ಗಾಜಿನೊಳಗೆ ನೊರೆ ಬಂತು. ನೊರೆಯ ನಡುವೆ ಬೇವಿನ ಎಲೆಯ ಒಂದು ಚೂರು ತಿರುಗುತ್ತಿತ್ತು.

ಆ ಹೊತ್ತಿಗೆ ಚಂದ್ರಾ ಬುತ್ತಿ ತಂದಳು. ಒಳಗೆ ಕಾಲಿಟ್ಟವಳೇ ಮೂಗು ಅರಳಿಸಿದಳು.

"ಏನ್ರಿ ಇದು, ಗ್ಯಾರೇಜಿನಾಗ ಎತ್ತು ಕಟ್ಟೀರೇನು?"

"ಎತ್ತೆಲ್ಲಿಂದ ಬರಬೇಕು?"

ಅವಳು ಬುತ್ತಿ ಕೆಳಗಿಟ್ಟು ಬಗ್ಗಿದಳು. ಬ್ಯಾಟರಿಯ ಮೇಲೆ ಮೂಗು ಇಟ್ಟು, ಸಾವಕಾಶ ಎದ್ದು ನಿಂತಳು. ಅವಳ ಮುಖ ಬೇರೆಯಾಗಿತ್ತು.

"ಗಂಜಳ," ಎಂದಳು. "ಆಕಳ ಗಂಜಳ ಇದು. ಸಣ್ಣಾಕಿ ಇದ್ದಾಗಿಂದ ಮಂದಿ ಕೊಟಗಿ ಬಳದಾಕಿ ನಾನು, ನನಗ ಗೊತ್ತಾಗೂದಿಲ್ಲೇನು? ಕೊಟಗಿ ಬಳದು ಹೊರಗ ಬಂದ್ರ ನನ್ನ ಹೆಜ್ಜಿ ಮ್ಯಾಲೆ ಇದನ್ನ ಚಿಮುಕಸ್ತಿದ್ರು. ಬೇವಿನ ತೊಪ್ಪಲ ಅದ್ದಿ ಅದ್ದಿ."

ತಂಬಿಗೆ ನೆನಪಾಯಿತು. ರುದ್ರವ್ವನ ಪಕ್ಕದ ಹಿತ್ತಾಳೆ ತಂಬಿಗೆ.

ನಾನು ಮುಟ್ಟಿದ ಬ್ಯಾಟರಿಯನ್ನು ಆಕೆ ಶುದ್ಧ ಮಾಡಿದ್ದಳು. ನಾನು ತುಂಬಿಸಿ ಕಳಿಸಿದಾಗೆಲ್ಲ ಆಕೆ ತೊಳೆದಿದ್ದಳು. ಮೇಲೆ ಬಿದ್ದ ಗಂಜಳ ಒಣಗಿ, ಪೊರೆಯಾಗಿ, ಪಟ್ಟಿಯಿಂದ ಪಟ್ಟಿಗೆ ಕಳ್ಳದಾರಿ ಹಾಕಿಕೊಟ್ಟಿತ್ತು. ರಾತ್ರಿಯೆಲ್ಲ ಕರೆಂಟು ಆ ದಾರಿಯಲ್ಲೇ ಸೋರಿ ಹೋಗುತ್ತಿತ್ತು. ಒಳಗೆ ಹೋದದ್ದು ಆ್ಯಸಿಡ್ಡನ್ನು ಕೆಡಿಸಿತ್ತು.

ನನಗೆ ನಗು ಬಂತು. ತಡೆಯಲು ಆಗದಷ್ಟು ಬಂತು.

"ನಗಬ್ಯಾಡ್ರಿ," ಎಂದಳು ಚಂದ್ರಾ. "ನಗೂ ಮಾತಲ್ಲ ಇದು."

"ನನ್ನ ಕೈಗುಣ ಸರಿ ಐತಿ ಚಂದ್ರಾ! ಸರಿ ಐತಿ!"

"ನಿಮ್ಮ ಕೈಗುಣ ಸರಿ ಐತಿ ಅಂತ ನನಗ ಮೊದಲ ಗೊತ್ತಿತ್ತು," ಎಂದು ಅವಳು ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿಯುವ ಮೊದಲು ತನ್ನ ಎರಡೂ ಕೈ ಸೆರಗಿಗೆ ಒರೆಸಿ ಒರೆಸಿ ಮೂಸಿ ನೋಡಿಕೊಂಡಳು. ನಾನು ನಗುವುದು ಬಿಟ್ಟೆ.

ಉಸ್ತಾದ ಬಂದ ಮೇಲೆ ಹೇಳಿದೆ. ಜೀವನದಲ್ಲಿ ಮೊದಲ ಸಲ ಒಂದಿಷ್ಟೂ ಉಪ್ಪುಖಾರ ಹಚ್ಚದೆ ಹೇಳಿದ ಮಾತು ಅದು. ಉಸ್ತಾದ ಟೊಪ್ಪಿಗೆ ತೆಗೆದು ಗಾಳಿ ಬೀಸತೊಡಗಿದ.

"ಮೊನ್ನೆ ಗುಮ್ಮಟದಾಗ ಹಾರ್ನ್ ಸುತ್ತಾಕತ್ತೈತಿ ಅಂದಿ. ಇವತ್ತ ಬ್ಯಾಟರಿ ಗಂಜಳ ಕುಡದೈತಿ ಅಂತೀ. ನಾಳೆ ಏನು, ಡೈನಮೊ ಹಾಲ ಕರೀತೈತೇನು?"

"ಮೂಸಿ ನೋಡ ಉಸ್ತಾದ."

ಮೂಸಿದ. ಬೀಸುವ ಕೈ ನಿಂತಿತು. ಟೊಪ್ಪಿಗೆಯನ್ನು ಮತ್ತೆ ತಲೆಗೆ ಹಾಕಿಕೊಂಡ.

"ಖರೆ ಐತಿ," ಎಂದ ಕೊನೆಗೆ. "ಆದ್ರ ಹೇಳಾವ್ರು ಯಾರು? ನಿಮ್ಮವ್ವ ಬ್ಯಾಟರಿ ಕೊಲ್ಲಾಕತ್ತಾಳ ಅಂತ ಶಂಕ್ರೆಪ್ಪನ ಮುಂದ ನೀ ಅಂದ್ರ ಬಬಲೇಶ್ವರ ಹೋತು, ಟಿಕೋಟಾನೂ ಹೋತು. ಸುಮ್ಮನಿದ್ರ ನಿನ್ನ ಕೈಗುಣ ಹೋತು. ಎರಡೂ ಕಡೆ ಬೋರ್ಡ್ ಗೋಡಿಗೇ ಒರಗ್ತೈತಿ."

"ನಾ ಅನ್ನೂದಿಲ್ಲ," ಎಂದೆ. "ಬ್ಯಾಟರೀನ ಅನ್ಲಿ."

ಸಾವ್ಕಾರರ ಬ್ಯಾಟರಿಯ ಕೆಟ್ಟ ಆ್ಯಸಿಡ್ ಚೆಲ್ಲಿ, ಶುದ್ಧ ನೀರಿನಲ್ಲಿ ತೊಳೆದು ತೊಳೆದು, ಹೊಸ ಆ್ಯಸಿಡ್ ಹಾಕಿ ತುಂಬಿಸಿದೆ. ಉಸ್ತಾದನ ಹತ್ತಿರ ಅಂಥದ್ದೇ ಇನ್ನೊಂದು ಮೂರು ಬಾಯಿಯ ಬ್ಯಾಟರಿ ಇತ್ತು. ಅದನ್ನೂ ತುಂಬಿಸಿದೆ. ಎರಡಕ್ಕೂ ಉಸ್ತಾದ ತನ್ನ ಕೈಯಿಂದ ಚಿಮಟ ಒತ್ತಿ ನೋಡಿದ. ಎರಡರಲ್ಲೂ ಮುಳ್ಳು ಕಲ್ಲಿನ ಹಾಗೆ ನಿಂತಿತು. ಸಂತೆಯ ದಿನ ಇಬ್ಬರೂ ಎರಡನ್ನೂ ಹೇರಿಕೊಂಡು ಬಬಲೇಶ್ವರಕ್ಕೆ ಹೋದೆವು.

ರುದ್ರವ್ವ ಕಟ್ಟೆಯ ಮೇಲಿದ್ದಳು. ಸಾವ್ಕಾರರು ಬಾಗಿಲಲ್ಲಿ ನಿಂತಿದ್ದರು. ಸಂತೆಗೆ ಬಂದ ಮಂದಿ, ಇವತ್ತೂ ಕಾರು ತಳ್ಳುವುದಿದೆಯೇನೋ ಎಂದು ಆಗಲೇ ತೋಳು ಏರಿಸಿ ಸುತ್ತ ಕೂಡಿದ್ದರು. ನಾನು ಎರಡೂ ಬ್ಯಾಟರಿಗಳನ್ನು ಬೇವಿನ ನೆರಳಲ್ಲಿ ಇಟ್ಟೆ.

"ಅವ್ವಾರ, ನಿಮಗ ಒಂದು ಕೆಲಸ ತಂದೀನ್ರಿ," ಎಂದೆ.

"ನನಗ? ನನಗೇನ್ ಗೊತ್ತಪಾ ಬ್ಯಾಟರಿ?"

"ಇವೆರಡೂ ನಾನ ಮುಟ್ಟಿದ್ದು. ಇದರಾಗ ಯಾದರ ಒಂದು ನೀವ ಆರಸ್ರಿ. ಅದಕ್ಕ ನಿಮ್ಮ ಮನಿ ಪದ್ಧತಿ ಏನೈತಿ, ಅದನ್ನ ಮಾಡ್ರಿ. ಇನ್ನೊಂದನ್ನ ನಾ ಇಟ್ಟಂಗ ಬಿಡ್ರಿ. ಯಾರೂ ಮುಟ್ಟೂದು ಬ್ಯಾಡ. ಮುಂದಿನ ಸಂತಿಗೆ ನಾ ಬರ್ತೀನಿ. ಯಾದು ಕಾರ್ ಚಾಲೂ ಮಾಡ್ತೈತಿ, ಮಂದಿ ಮುಂದ ನೋಡೋಣು."

ಆಕೆಯ ಕಣ್ಣು ನನ್ನ ಮೇಲೆ ನಿಂತಿತು. ಚಿಮಟದ ಮುಳ್ಳಿನ ಹಾಗೆ ನಿಂತಿತು. ನನಗೆ ಗೊತ್ತಾಗಿದೆ ಎಂದು ಆಕೆಗೆ ಗೊತ್ತಾಯಿತು.

"ಯಾ ಪದ್ಧತಿ?" ಎಂದರು ಸಾವ್ಕಾರರು.

"ನೀ ಸುಮ್ಮನಿರು," ಎಂದಳು ರುದ್ರವ್ವ. ಆಮೇಲೆ ನನಗೆ: "ಪದ್ಧತಿ ನಾ ಬಿಡಾಕಿ ಅಲ್ಲ ನೋಡು."

"ಬಿಡ್ರಿ ಅಂತ ಎಲ್ಲಿ ಅಂದ್ನಿ ಬೇ? ಮಾಡ್ರಿ ಅಂತೀನಿ. ಕೈ ತುಂಬ ಮಾಡ್ರಿ."

"ಯವ್ವಾ, ಏನ ಮಾಡೀದಿ ನೀ?" ಎಂದರು ಸಾವ್ಕಾರರು.

"ಏನ ಮಾಡ್ಲಿ? ಗಂಜಳ ಚಿಮುಕಸೀನಿ. ಮ್ಯಾಲಷ್ಟ ಚಿಮುಕಸಿದ್ರ ಒಳಗ ಶುದ್ಧ ಆಗತೈತೇನು? ಬಾಯಿ ತಗದು ಒಂದೀಟ ಒಳಗೂ ಬಿಟ್ಟೀನಿ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಸಾವ್ಕಾರರ ಮುಖ ಕೆಂಪೇರಿತು.

"ಬ್ಯಾಟರಿಗೆ ಗಂಜಳ ಕುಡಿಸಿದ್ಯಾ ಯವ್ವಾ?"

"ನಿನಗೂ ಕುಡಿಸೀನಿ, ಸಣ್ಣಾಂವ ಇದ್ದಾಗ. ಸತ್ತೇನು ನೀ?"

ಮಂದಿ ಬಿದ್ದು ಬಿದ್ದು ನಕ್ಕರು. ರುದ್ರವ್ವ ನಗಲಿಲ್ಲ. ಆಕೆಗೆ ತನ್ನ ತಂಬಿಗೆಯ ಮೇಲೆ ಅಷ್ಟು ನಂಬಿಕೆ. ಶುದ್ಧ ಮಾಡುವ ವಸ್ತು ಯಾವುದನ್ನಾದರೂ ಕೊಲ್ಲುತ್ತದೆಯೇ? ಎದ್ದು ಬಂದು, ಬೆರಳು ಚಾಚಿ ಸಾವ್ಕಾರರ ಬ್ಯಾಟರಿಯನ್ನೇ ಆರಿಸಿದಳು.

"ಇದು ನನ್ನ ಮನೀದು. ಇದನ್ನ ನಾ ತೊಳೀತೀನಿ. ಅದು ನಿನ್ನದು, ಅದನ್ನ ನೋಡೂದೂ ಇಲ್ಲ. ಮುಂದಿನ ಸಂತಿಗೆ ನಂದು ಗಾಡಿ ಎಬ್ಬಸ್ತು ಅಂದ್ರ?"

"ನಾ ಈ ಕಸಬ ಬಿಡ್ತೀನಿ," ಎಂದೆ. "ಟಿಕೋಟಾದ ಬೋರ್ಡ್ ತಂದು ನಿಮ್ಮ ಆಕಳಿಗೆ ನೆರಳ ಮಾಡಿ ಹಾಕ್ತೀನಿ."

ಉಸ್ತಾದ ನನ್ನ ಅಂಗಿ ಎಳೆದ. ಬಾಯಿ ಮಾತಾಡಿ ಆಗಿತ್ತು.

ಆ ವಾರ ನಾನು ಹೇಗೆ ಕಳೆದೆ ಎಂದು ಬೋರ್ಡನ್ನೇ ಕೇಳಬೇಕು. ಆಕೆ ಸಿಟ್ಟಿಗೆ ಎರಡನ್ನೂ ತೊಳೆದರೆ? ಅಥವಾ ಜಾಣತನ ಮಾಡಿ ಯಾವುದನ್ನೂ ತೊಳೆಯದೆ ಬಿಟ್ಟರೆ? ಚಂದ್ರಾಳಿಗೆ ಹೇಳಿದೆ.

"ಬಿಡಾಂಗಿಲ್ಲ ಆಕಿ," ಎಂದಳು. "ಅಂಥಾ ಹೆಂಗಸ್ರನ್ನ ನಾ ನೋಡೀನಿ. ಸೋತ್ರೂ ಪದ್ಧತಿ ತಪ್ಪೂದಿಲ್ಲ, ಸುಳ್ಳೂ ಹೇಳೂದಿಲ್ಲ. ನಿಮ್ಮಂಗಲ್ಲ."

ಮುಂದಿನ ಸಂತೆಯ ದಿನ ಬೇವಿನ ಗಿಡದ ಕೆಳಗೆ ಸಂತೆಗಿಂತ ದೊಡ್ಡ ಸಂತೆ ಕೂಡಿತ್ತು. ಬದನೆಕಾಯಿ ಮಾರುವವಳು ಬುಟ್ಟಿ ಸಮೇತ ಬಂದಿದ್ದಳು. ಗಿಡದ ಮೇಲೆ ಕೂತವರ ಭಾರಕ್ಕೆ ಬೇವಿನ ಟೊಂಗೆ ಬಗ್ಗಿ ಕಾರಿನ ತಲೆ ನೇವರಿಸುತ್ತಿತ್ತು.

ಆಕೆ ಮೋಸ ಮಾಡಿರಲಿಲ್ಲ. ಅವಳ ಬ್ಯಾಟರಿಯ ನೆತ್ತಿ ಬೆಳ್ಳಗೆ ಪೊರೆಗಟ್ಟಿತ್ತು. ಮೇಲೆ ಮೂರು ಗೆರೆ ವಿಭೂತಿ ಬೇರೆ. ನನ್ನದರ ಮೇಲೆ ಧೂಳು ಮಾತ್ರ. ಯಾರೂ ಮುಟ್ಟಬಾರದೆಂದು ಅದರ ಸುತ್ತ ಕಲ್ಲು ಇಟ್ಟಿದ್ದಳು.

ಮೊದಲು ಅವಳದು. ಸಾವ್ಕಾರರು ಒಳಗೆ ಕೂತರು, ನಾನು ಗಾಡಿಯ ತಂತಿಯ ತುದಿಯ ಕ್ಲಾಂಪುಗಳನ್ನು ಬ್ಯಾಟರಿಗೆ ಬಿಗಿದೆ. ಗುಂಡಿ ಒತ್ತಿದರು. ಟಕ್. ಅಷ್ಟೇ. ಮತ್ತೆ ಒತ್ತಿದರು. ಟಕ್. ಹಾರ್ನು ಒತ್ತಿದರೆ ಎಳೆಯ ಬೆಕ್ಕು ಅತ್ತಂತೆ ಕೇಳಿತು. ಮಂದಿ ಹೋ ಎಂದರು. ರುದ್ರವ್ವ ಕದಲಲಿಲ್ಲ.

"ಈಗ ಅವಂದು ಹಾಕು," ಎಂದಳು.

ನನ್ನ ಬ್ಯಾಟರಿ ಎತ್ತಿ ಇಟ್ಟೆ. ಅವೇ ಕ್ಲಾಂಪುಗಳನ್ನು ಹಾಕಿ ಬಿಗಿದೆ. ಎದೆ ಎಣ್ಣೆ ಎಂಜಿನ್ನಿನ ಹಾಗೆ ಡುಗುಡುಗು ಎನ್ನುತ್ತಿತ್ತು. ಸಾವ್ಕಾರರು ಗುಂಡಿ ಒತ್ತಿದರು.

ಟಕ್.

ಇವತ್ತೂ ತಳ್ಳುವುದೇ ಸೈ ಎಂದು ಮಂದಿ ತೋಳು ಏರಿಸಿದರು. ಉಸ್ತಾದ ಟೊಪ್ಪಿಗೆ ಕೆಳಗೆ ಎಳೆದುಕೊಂಡ.

"ನೋಡಿದ್ಯಾ?" ಎಂದಳು ರುದ್ರವ್ವ. ಅವಳ ದನಿಯಲ್ಲಿ ಸಂತೋಷ ಇರಲಿಲ್ಲ, ಆದರೆ ಸೋಲೂ ಇರಲಿಲ್ಲ. "ತೊಳೀದಿದ್ರೂ ಸತ್ತೈತಿ. ನನ್ನ ತಂಬಿಗೀದು ತಪ್ಪಲ್ಲ, ನಿನ್ನ ಕೈದ ತಪ್ಪು."

ನನ್ನ ಕಣ್ಣ ಮುಂದೆ ಬೋರ್ಡು ಬಂತು, ಅದರ ಕೆಳಗೆ ನಿಂತ ಆಕಳೂ ಬಂತು. ಬಾಯಿ ಒಣಗಿತು. ಆದರೆ ಕೈ ಇದೆಯಲ್ಲ, ಅದಕ್ಕೆ ಬಾಯಿಯ ಹಾಗೆ ಗಾಬರಿ ಇಲ್ಲ. ಅದು ತಾನಾಗಿ ಹೋಗಿ ಚಿಮಟ ಎತ್ತಿಕೊಂಡು ಬ್ಯಾಟರಿಯ ಪಟ್ಟಿಗೆ ಒತ್ತಿತು. ತಂತಿ ಕಾಯಿತು, ಮುಳ್ಳು ಏರಿ ಕಲ್ಲಾಗಿ ನಿಂತಿತು. ಮೂರೂ ಬಾಯಿಗೂ ನಿಂತಿತು. ಅವಳದಕ್ಕೆ ಒತ್ತಿದರೆ ಏರಿದ ಮುಳ್ಳು ಜಾರಿ ಬಿತ್ತು. ನನ್ನದರ ಹೊಟ್ಟೆ ತುಂಬಿದೆ, ಆದರೆ ಅದರ ಜೋರು ಗಾಡಿಗೆ ಮುಟ್ಟುತ್ತಿಲ್ಲ. ನಡುವೆ ಇರುವುದೇನು? ಕ್ಲಾಂಪು! ಬಿಚ್ಚಿ ನೋಡಿದೆ. ಅದರ ಒಳಮೈಗೆಲ್ಲ ಅವಳ ಬ್ಯಾಟರಿಯಿಂದ ಬಂದ ಬಿಳಿಯ ಪೊರೆ ಮೆತ್ತಿಕೊಂಡಿತ್ತು.

ಚಾಕು ತೆಗೆದು ಸೀಸ ಹೊಳೆಯುವ ತನಕ ಕೆರೆದೆ. ಕ್ಲಾಂಪು ಕೂರುವ ಬ್ಯಾಟರಿಯ ಸೀಸದ ಗೂಟಗಳನ್ನೂ ಕೆರೆದೆ. ಬಿಗಿದು, ನನ್ನ ಎರಡೂ ಅಂಗೈ ಬ್ಯಾಟರಿಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಯಾಕೆ ಇಟ್ಟೆ ಗೊತ್ತಿಲ್ಲ, ಇಟ್ಟೆ.

"ಒತ್ರಿ ಸಾವ್ಕಾರ್ರ."

ಗಾಡಿ ಗರ್ ಎಂದು ಎದ್ದಿತು ನೋಡಿ! ಎದ್ದ ರಭಸಕ್ಕೆ ಗಿಡದ ಮೇಲಿದ್ದವರು ಬ್ಯಾಡಗಿ ಮೆಣಸಿನಕಾಯಿಯ ರಾಶಿಯಲ್ಲಿ ಉದುರಿದರು. ಬದನೆಕಾಯಿಗಳು ಬುಟ್ಟಿ ಬಿಟ್ಟು ಟಿಕೋಟಾ ದಾರಿ ಹಿಡಿದು ಉರುಳಿದವು. ಸಾವ್ಕಾರರು ಹಾರ್ನು ಒತ್ತಿದರು, ಊರಿನ ಹುಂಜಗಳೆಲ್ಲ ಬೆಳಗಾಯಿತೆಂದು ಕೂಗಿದವು, ಅವುಗಳ ಕೂಗು ಕೇಳಿ ಕೆಲವು ಹೆಂಗಸರು ಅಂಗಳ ಗುಡಿಸಲು ಬಾರಿಗೆ ತಂದರು. ಇದರಲ್ಲಿ ಯಾವುದು ಸುಳ್ಳು ಎಂದು ಬೇಕಾದರೆ ಬಬಲೇಶ್ವರಕ್ಕೆ ಹೋಗಿ ಕೇಳಿ. ಕಾರು ಎದ್ದದ್ದು ಸುಳ್ಳೆಂದು ಒಬ್ಬನೂ ಹೇಳುವುದಿಲ್ಲ.

ಯಾಕೂಬ ಉಸ್ತಾದ ಟೊಪ್ಪಿಗೆಯನ್ನು ಮೇಲಕ್ಕೆ ಹಾರಿಸಿದ. ಅದು ಗಿಡದಲ್ಲಿ ಸಿಕ್ಕಿಕೊಂಡಿತು.

ರುದ್ರವ್ವ ಬಹಳ ಹೊತ್ತು ತನ್ನ ಬ್ಯಾಟರಿ ನೋಡಿದಳು, ಆಮೇಲೆ ತಂಬಿಗೆ ನೋಡಿದಳು. ತಂಬಿಗೆ ಎತ್ತಿ ಒಳಗೆ ಇಟ್ಟು ಬಂದಳು. ತಪ್ಪಾಯಿತು ಎನ್ನಲಿಲ್ಲ, ಅನ್ನುವ ಹೆಂಗಸಲ್ಲ ಆಕೆ. ಸೆರಗು ಬಿಗಿದು, ಮಗನನ್ನು ಗದರಿಸುವ ದನಿಯಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಶಂಕ್ರ್ಯಾ, ಬಾನೆಟ್ ಮುಚ್ಚು. ಇನ್ನ ಮ್ಯಾಲೆ ಇದು ಈ ಮನಿ ಪದ್ಧತಿ. ದಶರಥ ಮುಟ್ಟಿದ ಮ್ಯಾಲೆ ಈ ಬ್ಯಾಟರಿ ಯಾರೂ ಮುಟ್ಟಾಂಗಿಲ್ಲ. ನೀನೂ ಮುಟ್ಟಾಂಗಿಲ್ಲ, ನಾನೂ ಮುಟ್ಟಾಂಗಿಲ್ಲ."

"ನೀರ ಹಾಕೂದು, ಯವ್ವಾ?"

"ಅವನ ಬಂದು ಹಾಕ್ತಾನ. ನಿನ್ನ ಕೈ ಯಾರಿಗೊತ್ತು ಹೆಂಗಿರ್ತಾವೊ."

ಹಾಗೆ ಆಯಿತು. ಟಿಕೋಟಾದಲ್ಲಿ ಚಪ್ಪರ ಎದ್ದಿತು, ಡೈನಮೊ ಬಂತು, ಬೋರ್ಡು ಗೋಡೆ ಬಿಟ್ಟು ದೊಡ್ಡ ರಸ್ತೆಯ ಮೇಲೆ ಏರಿ ನಿಂತಿತು. ಅದನ್ನು ಏರಿಸುವಾಗ ಚಂದ್ರಾ ಕೊನೆಯ ಸಲ ಸೆರಗಿನಿಂದ ಒರೆಸಿದಳು. ಆಮೇಲೆ ಅದರ ಧೂಳು ಒರೆಸುವ ಕೆಲಸ ಗಾಳಿಯದಾಯಿತು, ಎತ್ತರ ಅಷ್ಟಿತ್ತು.

ಅಂಗಡಿ ತೆರೆದ ದಿನವೇ ಕರಿ ಫೋರ್ಡು ಬಂತು. ಮುಂದಿನ ಸೀಟಿನಲ್ಲಿ ರುದ್ರವ್ವ. ನಾನು ಬಾನೆಟ್ ಎತ್ತಿ ಬ್ಯಾಟರಿಯ ಬಾಯಿ ತೆಗೆದೆ, ಶುದ್ಧ ನೀರು ಹಾಕಿದೆ, ಪಿಚಕಾರಿ ಎಳೆದೆ. ಬುಡ್ಡಿ ತೇಲಿತು. ಕೈ ಒರೆಸಿಕೊಳ್ಳಲು ಬಟ್ಟೆ ತರಲು ಒಳಗೆ ಹೋದೆ. ಆ ಹೊತ್ತಿಗೆ ಊರಿನ ದೊಡ್ಡವರು ನಾಲ್ಕಾರು ಮಂದಿ ಕಾರಿನ ಸುತ್ತ ಕೂಡಿದ್ದರು. ಬಿಳಿ ಧೋತರ, ರುಮಾಲು, ಎಲ್ಲ ಬಾವಿ ಓಣಿಯ ಮನೆತನದವರು. ಒಬ್ಬರು ಇದೇನು ಇದೇನು ಎನ್ನುತ್ತಾ ಬ್ಯಾಟರಿಯ ಕಡೆಗೆ ಬೆರಳು ಚಾಚಿದರು.

ಕಾರಿನೊಳಗಿಂದ ರುದ್ರವ್ವ ಕಿಟಕಿಗೆ ತಲೆ ಹಾಕಿ, ಟಿಕೋಟಾ ಬಾವಿಯ ತನಕ ಕೇಳುವಂತೆ ಕೂಗಿದಳು:

"ಏ, ದೂರ ಸರೀರಿ! ದಶರಥ ಮುಟ್ಟ್ಯಾನ!"

ಧೋತರಗಳೆಲ್ಲ ಒಟ್ಟಿಗೆ ಹಿಂದೆ ಹಾರಿದವು.

ಚಪ್ಪರದೊಳಗೆ ಬುತ್ತಿ ಬಿಚ್ಚುತ್ತಿದ್ದ ಚಂದ್ರಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಈ ಸಲ ಮೊದಲು ನಕ್ಕವಳು ಅವಳು. ಎಷ್ಟು ನಕ್ಕಳೆಂದರೆ ಡೈನಮೊ ಎಂಜಿನ್ನಿಲ್ಲದೆ ತಾನೇ ತಿರುಗಿತು, ಹಲಗೆಯ ಮೇಲಿದ್ದ ಬ್ಯಾಟರಿಗಳೆಲ್ಲ ಕೂತಲ್ಲೇ ಚಾರ್ಜಾದವು.